ಬ್ಯಾಳಿಹಳ್ಳಕ್ಕೆ ಹೊಸ ಹೆಸರು ಬಂದ ವರ್ಷ

ಕಳೆದ ತಿಂಗಳು ಮುದ್ದೇಬಿಹಾಳದಲ್ಲಿ ಪೇಪರ್ ತಿದ್ದುವ ಕೆಲಸ ಮುಗಿಸಿಕೊಂಡು ಬಸವನ ಬಾಗೇವಾಡಿಯ ಬಸ್ಸು ಹತ್ತಿದ್ದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು, ಗಾಳಿ ಹಿತವಾಗಿತ್ತು, ಕಣ್ಣಿಗೆ ಜೋಂಪು ಹತ್ತುತ್ತಿತ್ತು. ಒಂದು ಸಣ್ಣ ಸೇತುವೆ ಇನ್ನೂ ದೂರ ಇರುವಾಗಲೇ ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆಚೆ ಬದಿಯ ಗಂಡಸರು ಟವೆಲ್ಲು ತೆಗೆದರು. ಎಲ್ಲರಿಗೂ ರೂಢಿಯಾದ ಕೆಲಸ. ಆಮೇಲೆ ಆ ವಾಸನೆ ಬಂತು. ಕೊಳೆತ ಅನ್ನ, ಹಳಸಿದ ಎಣ್ಣೆ, ಅದರ ಅಡಿಯಲ್ಲಿ ಪಾಯಖಾನೆಯ ನಾತ. ಕಂಡಕ್ಟರ್ ಕರ್ಚೀಫಿನ ಒಳಗಿನಿಂದಲೇ ಕೂಗಿದ: "ಅಮೃತಗಂಗಾ ಇಳಿಯೋರು ಯಾರದಾರ್ರೀ, ಲಗೂನ ಬರ್ರಿ."

ನನಗೆ ವಾಸನೆಗಿಂತ ಆ ಹೆಸರಿಗೇ ಹೆಚ್ಚು ವಾಕರಿಕೆ ಬಂತು. ಆ ಹಳ್ಳಕ್ಕೆ ಆ ಹೆಸರು ಇಟ್ಟ ವರ್ಷ ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿದ್ದೆ. ಆ ಹೆಸರಿಗೆ ಬಾಗಿನ ಕೊಡಲು ಹಾಕಿದ ಶಾಮಿಯಾನದ ಕೆಳಗೆ ನಾನೂ ಕೂತಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ನಾಲ್ಕು ಮಂದಿ ಫೋನು ಮಾಡಿ, "ಅಕ್ಕೋರ, ನಮ್ಮೂರ ಮರ್ಯಾದಿ ತಗದ್ರಿ" ಎಂದು ಜಗಳಕ್ಕೆ ನಿಲ್ಲುತ್ತಾರೆ. ಮರ್ಯಾದೆಯ ವಿಷಯದಲ್ಲಿ ಆ ಊರು ಬಹಳ ಸೂಕ್ಷ್ಮ. ಮೂಗಿನ ವಿಷಯದಲ್ಲಿ ಅಷ್ಟಿಲ್ಲ.

ನನ್ನ ಮೂಗಿನ ಮಾತನ್ನೂ ಹೇಳಿಬಿಡಬೇಕು. ನಾವು ಸಿಂದಗಿಯವರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ನಮ್ಮ ಆಯಿ ಮಡಿಯುಟ್ಟು ಅಡುಗೆಮನೆಯಲ್ಲಿ ನಿಂತುಕೊಂಡು ಎರಡೂ ಭಾಷೆಯಲ್ಲಿ ಅಸಹ್ಯಪಡುತ್ತಿದ್ದಳು. ಆ ಗುಣ ನನಗೆ ಬಂದಿದೆ, ಮಡಿ ಮಾತ್ರ ಬಂದಿಲ್ಲ. ಬಸ್ ಸ್ಟ್ಯಾಂಡಿನ ಚಹಾದ ಗ್ಲಾಸನ್ನು ಮೂಸಿ ನೋಡದೆ ನಾನು ಬಾಯಿಗೆ ಇಟ್ಟವಳಲ್ಲ. ಇಂಡಿ ಪಟ್ಟಣದಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದ ನನ್ನ ಗಂಡ, "ನಿನ್ನ ಮೂಗ ಅಂದ್ರ ಒಂದು ಇಲಾಖಾ ಆಗೇದ" ಎಂದು ಚ್ಯಾಷ್ಟಿ ಮಾಡುತ್ತಿದ್ದರು. ಇಂಥವಳನ್ನು ಸರಕಾರ ಗೊಳಸಂಗಿಯಿಂದ ಒಳಗೆ ಹೋಗುವ ಆ ಊರಿಗೆ ಹಾಕಿತು. ಮಳೆಗಾಲ ಆಗತಾನೆ ಶುರುವಾಗಿತ್ತು.

ಇಳಿದುಕೊಂಡದ್ದು ಕಲ್ಲವ್ವನ ಖಾನಾವಳಿಯ ಹಿಂದಿನ ಕೋಣೆಯಲ್ಲಿ. ಕಲ್ಲವ್ವನಿಗೆ ಆಗ ಐವತ್ತು ದಾಟಿರಬೇಕು. ಗಂಡ ಹೋದ ಮೇಲೆ ರೊಟ್ಟಿ ಬಡಿದೇ ಮಗಳ ಮದುವೆ ಮಾಡಿದ್ದಳು. ರಸ್ತೆಯ ಬದಿಗೆ ತಗಡಿನ ಮುಂಗಟ್ಟು, ಒಳಗೆ ನಾಲ್ಕು ಬೆಂಚು, ಅದರಾಚೆ ಒಲೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಎಲ್ಲ ಖಾನಾವಳಿಯಲ್ಲೂ ಇರುತ್ತವೆ. ಮಂದಿ ಆಕೆಯಲ್ಲಿಗೆ ಬರುತ್ತಿದ್ದದ್ದು ಬ್ಯಾಳಿಗಾಗಿ. ಬಾಗೇವಾಡಿಯಿಂದ ಮೋಟಾರ್ ಸೈಕಲ್ ಮೇಲೆ ಬಂದು ಉಂಡು ಹೋಗುವವರಿದ್ದರು. ತೊಗರಿ ಬೇಳೆ ಬೆಣ್ಣೆಯಂತೆ ಬೆಂದು, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಹರಡಿಕೊಂಡು, ಕಾಳು ಯಾವುದು ರಸ ಯಾವುದು ತಿಳಿಯದ ಹಾಗೆ ಇರುತ್ತಿತ್ತು. ಮೊದಲ ದಿನ ನಾನು ಮೂಸಿ ನೋಡಿದೆ. ಆಮೇಲೆ ಮೂಸಲಿಲ್ಲ, ಎರಡನೇ ಸಲ ಬಡಿಸಿಕೊಂಡೆ.

"ಇದು ನನ್ನ ಕೈಗುಣ ಅಲ್ರಿ ಅಕ್ಕೋರ," ಎಂದಳು ಕಲ್ಲವ್ವ. "ಹಳ್ಳದ್ದು. ಇದ ಬ್ಯಾಳಿ ಊರಾಗಿನ ಬಾವಿ ನೀರಾಗ ಹಾಕ್ರಿ, ಮುಂಜಾನಿಂದ ಸಂಜಿ ತನಕಾ ಕುದಸ್ರಿ, ಗೋಲಿ ಗುಂಡ ಆಗಿ ಕುಂಡ್ರತೈತಿ."

ಡೋಣಿ ನದಿಯ ಈ ಸೀಮೆಯ ನೀರು ಸವಳು, ಉಪ್ಪುಪ್ಪು. ಬಾವಿ ತೋಡಿದರೂ ಸವಳು, ಬೋರು ಹೊಡೆದರೂ ಸವಳು. ಬಟ್ಟೆಗೆ ಸೋಪು ನೊರೆ ಬಿಡುವುದಿಲ್ಲ, ಬೇಳೆ ಬೇಯುವುದಿಲ್ಲ. ಬೇಯಿಸಲೇಬೇಕೆಂದರೆ ಸೋಡಾ ಪುಡಿ ಹಾಕಬೇಕು, ಆಗ ಬೇಳೆ ಕರಗಿ ಸೋಪಿನ ರುಚಿ ಬರುತ್ತದೆ. ಅಂಥ ಸೀಮೆಯ ನಡುವೆ ಈ ಊರಿನ ಹಿಂದೆ ಒಂದು ಗುಡ್ಡ. ಗುಡ್ಡ ಎಂದರೆ ಬೇರೆ ಕಡೆಯವರು ನಕ್ಕಾರು, ದೊಡ್ಡ ದಿಬ್ಬ ಅನ್ನಿ. ಮೇಲೆ ಕೆಂಪು ಕಲ್ಲು, ಕಾರಿಗಿಡ. ಅದರ ಸೊಂಟದಲ್ಲಿ ಎರಡು ಬಂಡೆಗಳ ಸಂದಿನಿಂದ ನೀರು ಬಸಿಯುತ್ತದೆ. ಕೆಳಗಿನ ಕರಿಮಣ್ಣು ಮುಟ್ಟುವ ತನಕ ಆ ನೀರು ಸಿಹಿ. ಮಣ್ಣು ಮುಟ್ಟಿ ಎರಡು ಹೊಲ ದಾಟಿದ ಮೇಲೆ ಅದೂ ಸವಳಾಗುತ್ತದೆ. ಅಂದರೆ ಹಳ್ಳದ ಸಿಹಿಯೆಲ್ಲ ಆ ಸಣ್ಣ ಇಳಿಜಾರಿನಲ್ಲೇ ಇತ್ತು. ಬ್ಯಾಳಿ ಕುದಿಯುವ ನೀರು ಎಂಬ ಒಂದೇ ಕಾರಣಕ್ಕೆ ಅದು ಬ್ಯಾಳಿಹಳ್ಳ.

ಹೆಸರು ಇಷ್ಟಕ್ಕೇ ಮುಗಿಯುವುದಿಲ್ಲ. ಆ ಇಳಿಜಾರಿನಲ್ಲೇ ಹಳ್ಳಕ್ಕೆ ಇನ್ನೂ ಮೂರು ಹೆಸರಿದ್ದವು. ಮೇಲಿನ ಕಲ್ಲಿನ ಗುಂಡಿ ಕೊಡದ ಮಡು. ಅಲ್ಲಿ ಕಾಲು ಹಾಕುವಂತಿಲ್ಲ. ಚಪ್ಪಲಿಯನ್ನು ಆಚೆ ಬಿಟ್ಟು, ದಂಡೆಯ ಕಲ್ಲಿನ ಮೇಲೆ ಕೂತು, ತಂಬಿಗೆಯಿಂದ ಕೊಡ ತುಂಬಬೇಕು. ಅದರ ಕೆಳಗೆ ಅರಿವಿಹಳ್ಳ, ಬಟ್ಟೆ ಒಗೆಯುವ ಜಾಗ. ಅದಕ್ಕೂ ಕೆಳಗೆ ಎಮ್ಮಿಹಳ್ಳ, ಹೆಸರೇ ಹೇಳುತ್ತದೆ. ಎಲ್ಲಿ ಯಾವ ಕೆಲಸ ಎಂದು ಯಾರೂ ಬೋರ್ಡು ಬರೆದಿರಲಿಲ್ಲ. ಹೆಸರೇ ಕಾಯಿದೆ. ಕೊಡದ ಮಡುವಿನಲ್ಲಿ ಕಾಲು ತೊಳೆದ ಹೊಸ ಸೊಸೆಯೊಬ್ಬಳನ್ನು ಊರ ಹೆಂಗಸರು ವರ್ಷಗಟ್ಟಲೆ ಆಡಿಕೊಂಡರಂತೆ. ನಾನು ಸಮಾಜ ವಿಜ್ಞಾನ ಪಾಠ ಮಾಡುವವಳು, ನದಿಗಳ ಹೆಸರು ಬಾಯಿಪಾಠ ಮಾಡಿಸಿ ಸುಸ್ತಾದವಳು. ಹೆಸರು ಕೇಳಿದರೆ ಸಾಕು, ಮನುಷ್ಯ ಅಲ್ಲಿ ಹೇಗಿರಬೇಕು ಎಂದು ತಿಳಿಯುವ ಇಂಥ ಭೂಗೋಳ ನಾನು ಪುಸ್ತಕದಲ್ಲಿ ಕಂಡಿರಲಿಲ್ಲ. ಆ ಮಳೆಗಾಲ ಪೂರ್ತಿ ನಾನು ಆ ಹಳ್ಳವನ್ನು ಬಹಳ ಪ್ರೀತಿಸಿದೆ. ಭಾನುವಾರ ಇಂಡಿಗೆ ಹೋಗುವುದು ತಪ್ಪಿದರೆ ಕಲ್ಲವ್ವನ ಜೊತೆ ಕೊಡ ಹಿಡಿದು ಗುಡ್ಡಕ್ಕೆ ಹೋಗುತ್ತಿದ್ದೆ.

ಕಲ್ಲವ್ವನ ಬಂಧು ಬಳಗ ದೊಡ್ಡದಿರಲಿಲ್ಲ. ಆಕೆಗೆ ಒಬ್ಬ ಅಣ್ಣ, ಅವನೂ ಒಡಹುಟ್ಟಿದವನಲ್ಲ. ಶಿವಲಿಂಗಪ್ಪ ಸಾವುಕಾರ. ಕಬ್ಬು, ಟ್ರ್ಯಾಕ್ಟರು, ಎರಡಂತಸ್ತಿನ ಮನೆ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಓಣಿಯವರು. ಊರೆಲ್ಲ ಅವರಿಗೆ 'ರಿ' ಹಚ್ಚಿ ಮಾತಾಡಿದರೆ ಕಲ್ಲವ್ವ ಮಾತ್ರ "ಅಣ್ಣ, ನೀ" ಅನ್ನುತ್ತಿದ್ದಳು. ಪ್ರತಿ ಪಂಚಮಿಗೆ ಅವರ ಮನೆಯಿಂದ ಈಕೆಗೆ ಸೀರೆ ಬರುತ್ತಿತ್ತು. ಆ ವರ್ಷವೂ ಬಂತು, ಹಸಿರು ಇಳಕಲ್ಲು. ಸೀರೆ ಕೊಟ್ಟು, ಬೆಂಚಿನ ಮೇಲೆ ಕೂತು ಬ್ಯಾಳಿ ರೊಟ್ಟಿ ಉಂಡು, "ಗುಡ್ಡದ ಮ್ಯಾಲ ಕಲ್ಯಾಣ ಮಂಟಪ ಕಟ್ಟಾಕತ್ತೇವಿ, ದೀಪಾವಳಿಗಿ ಮುಗಸ್ತೇವಿ" ಎಂದರು. ಮಂಟಪದ ಕಮಿಟಿಗೆ ಅವರೇ ಅಧ್ಯಕ್ಷರು. ಕಲ್ಲವ್ವನಿಗೆ ಖುಷಿಯಾಯಿತು. ಮಂಟಪ ಬಂದರೆ ಮಂದಿ ಬರುತ್ತಾರೆ, ಮಂದಿ ಬಂದರೆ ರೊಟ್ಟಿ ಖರ್ಚಾಗುತ್ತದೆ.

ಮಂಟಪ ಕಟ್ಟಿದ ಜಾಗದ ಇಳಿಜಾರು ದಕ್ಷಿಣಕ್ಕೆ, ರಸ್ತೆಯ ಕಡೆಗೆ ಇತ್ತು. ಚರಂಡಿ ಅತ್ತ ಹರಿಸಿ ಒಂದು ದೊಡ್ಡ ಗುಂಡಿ ತೋಡಿದ್ದರೆ ಮುಗಿಯುತ್ತಿತ್ತು. ಮೇಸ್ತ್ರಿ ಹಾಗೆಂದೇ ಸುಣ್ಣದ ಗೆರೆ ಹಾಕಿದ್ದ. ಅಷ್ಟರಲ್ಲಿ ಕಮಿಟಿಯವರು ವಿಜಯಪುರದಿಂದ ವಾಸ್ತು ಹೇಳುವವನೊಬ್ಬನನ್ನು ಕರೆಸಿದರು. ಅವನು ದಿಕ್ಸೂಚಿ ಹಿಡಿದು ಸುತ್ತು ಹಾಕಿ, ಮಂಟಪದ ನೀರೆಲ್ಲ ಈಶಾನ್ಯಕ್ಕೇ ಹೋಗಬೇಕು, ದಕ್ಷಿಣಕ್ಕೆ ಹರಿದರೆ ಇಲ್ಲಿ ತಾಳಿ ಕಟ್ಟಿದವರ ಸಂಸಾರ ನಿಲ್ಲುವುದಿಲ್ಲ ಎಂದುಬಿಟ್ಟ. ಮದುವೆ ಮಂಟಪಕ್ಕೆ ಇದಕ್ಕಿಂತ ಕೆಟ್ಟ ಮಾತು ಯಾವುದಿದೆ.  ಈಶಾನ್ಯಕ್ಕೆ ಒಂದು ಸಣ್ಣ ಮಣ್ಣಿನ ದಿಬ್ಬ ಅಡ್ಡ ಇತ್ತು. ಜೆಸಿಬಿ ತಂದು ಸೀಳಿದರು. ದಿಬ್ಬದಾಚೆ ಕೆಳಗೆ ಕೊಡದ ಮಡು.

ಇಷ್ಟು ದೊಡ್ಡ ಕಾಲುವೆ ತೋಡುವಾಗ ಊರಿನ ಒಬ್ಬ ಮನುಷ್ಯನೂ "ಅಲ್ರಿ, ಅಲ್ಲಿ ಮಡು ಐತಿ" ಅನ್ನಲಿಲ್ಲವೇ ಎಂದು ನಾನು ಆಮೇಲೆ ಬಹಳ ಮಂದಿಯನ್ನು ಕೇಳಿದೆ. ಒಬ್ಬ ಹೇಳಿದ, ಬರೀ ಕೈ ತೊಳೆದ ನೀರು ಅಂತ ತಿಳಿದಿದ್ದೆವು. ಇನ್ನೊಬ್ಬ ಹೇಳಿದ, ನಮ್ಮ ಮನೆಗೆ ಈಗ ಕ್ಯಾನ್ ನೀರು ಬರುತ್ತದೆ. ನಿಜವಾದ ಕಾರಣ ಬೇರೆ. ಊರವರಿಗೆ ಮಂಟಪದ ಬಾಡಿಗೆ ಇಲ್ಲ ಎಂದು ಸಾವುಕಾರರು ಸಾರಿದ್ದರು. ಮನೆಮನೆಯಲ್ಲೂ ಮದುವೆಗೆ ಬಂದ ಮಗಳೋ ಮಗನೋ ಇದ್ದರು. ಪುಕ್ಕಟೆ ಮಂಟಪ ಕೊಟ್ಟವರ ಮುಂದೆ ಗಟಾರದ ಮಾತು ಎತ್ತಲು ಯಾರಿಗೂ ನಾಲಿಗೆ ಬರಲಿಲ್ಲ. ಆ ಊರವರ ಮೇಲೆ ನನಗೆ ಅಂದೂ ಸಿಟ್ಟು ಬಂದಿತ್ತು, ಇಂದೂ ಹೋಗಿಲ್ಲ.

ತುಳಸಿ ಲಗ್ನ ಆಯಿತು, ಮದುವೆಗಳು ಶುರುವಾದವು. ಮೊದಲ ಮದುವೆಯ ಮರುದಿನ ಕಲ್ಲವ್ವನ ಜೊತೆ ನಾನೂ ಹೋಗಿದ್ದೆ. ಮಡುವಿನ ಮೇಲೆ ಅಕ್ಷತೆ, ಚೆಂಡುಹೂವು, ಒಂದು ಬಣ್ಣಬಣ್ಣದ ಎಣ್ಣೆಯ ಪದರ. ಕಲ್ಲವ್ವ ತಂಬಿಗೆಯಿಂದ ಅದನ್ನು ಆಚೆ ಸರಿಸಿ, ಒಳಗಿನ ನೀರು ತುಂಬಿಕೊಂಡಳು. ನಾನು ಬೇಡ ಅಂದೆ. "ಹೂವು ಅಕ್ಕಿಕಾಳಲ್ರಿ, ಮಂಗಲ ಕಾರ್ಯದ್ದು" ಎಂದಳು. ಮುಂದಿನ ಮದುವೆಗೆ ಥರ್ಮಾಕೋಲ್ ತಟ್ಟೆಗಳು ಬಂದವು. ಅದರ ಮುಂದಿನದಕ್ಕೆ ಪಾಯಖಾನೆಯ ಗುಂಡಿ ತುಂಬಿತು, ಅದರ ಹೆಚ್ಚಿನ ನೀರಿಗೂ ಈಶಾನ್ಯದ ದಾರಿಯೇ ಸಿಕ್ಕಿತು. ನಾನು ಆ ದಿನ ಕಂಡದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಮಡುವಿನ ಅಂಚಿಗೆ ಬಿಳಿ ಹುಳ ಮಿಜಿಗುಡುತ್ತಿದ್ದವು. ಅದರ ಪಕ್ಕದಲ್ಲೇ ಚಪ್ಪಲಿ ಬಿಡುವ ಕಲ್ಲು, ಯಾರೋ ರೂಢಿಯಂತೆ ಚಪ್ಪಲಿ ಬಿಟ್ಟು ಕೂತಿದ್ದರು. ನಾನು ಗಿಡಕ್ಕೆ ಒರಗಿ ಬೆಳಗಿನ ಚಹಾ ಕಕ್ಕಿದೆ. ಕಲ್ಲವ್ವ ಖಾಲಿ ಕೊಡ ಬೋರಲು ಹಿಡಿದು ಕೆಳಗಿಳಿದಳು. 

ಆ ವಾರ ನನ್ನ ತರಗತಿಯಲ್ಲಿ ಗುಡ್ಡದ ಓಣಿಯ ಹುಡುಗಿಯರ ಬೆಂಚೇ ಖಾಲಿ. ಎಲ್ಲರಿಗೂ ವಾಂತಿ, ಭೇದಿ. ಕ್ಯಾನು ಕೊಳ್ಳಲು ಆಗದವರು ಇನ್ನೂ ಆ ನೀರನ್ನೇ ಸೋಸಿ, ಕುದಿಸಿ ಕುಡಿಯುತ್ತಿದ್ದರು.

ನಾನೂ ಕಲ್ಲವ್ವನೂ ಸಾವುಕಾರರ ಮನೆಗೆ ಹೋದೆವು. ಅವರು ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾನು ಚಹಾ ಮುಟ್ಟಲಿಲ್ಲ. ಕಲ್ಲವ್ವ ನೆಲದ ಮೇಲೆ ಕೂತು, "ಅಣ್ಣ, ಗಟಾರದ ಮುಖಾ ತಿರುಗಸು. ಮಡು ಹೊಲಸಾಗೇತಿ" ಎಂದಳು.

"ಈಗ ಹ್ಯಾಂಗ ತಿರುಗಸೂದು ಕಲ್ಲವ್ವ," ಎಂದರು ಅವರು. "ಈ ಹಂಗಾಮಿಂದು ಲಗ್ನದ ಬುಕಿಂಗ್ ಎಲ್ಲಾ ಆಗ್ಯಾವ. ದಕ್ಷಿಣಕ್ಕ ತಿರುಗಿಸಿದ್ರ ಆ ವಾಸ್ತುದವ ಹೇಳಿದ ಮಾತು ಎಲ್ಲಾರಿಗೂ ಗೊತ್ತೈತಿ, ಒಬ್ಬರೂ ಬರೂದಿಲ್ಲ. ಮಳಿ ಬರ್ಲಿ, ತೊಳಕೊಂಡು ಹೋಗ್ತೈತಿ."

"ಮಳಿಗಿ ಇನ್ನೂ ಅರ್ಧ ವರ್ಷ ಅದ," ಎಂದೆ ನಾನು. "ಅಲ್ಲೀ ತನಕಾ ಈ ಹುಡುಗ್ಯಾರು ಏನ್ ಕುಡೀಬೇಕ್ರಿ?"

ಸಾವುಕಾರರು ನನ್ನ ಕಡೆ ಮರ್ಯಾದೆಯಿಂದಲೇ ನೋಡಿದರು. "ಅಕ್ಕೋರ, ನೀವು ಇವತ್ತ ಇಲ್ಲಿ, ನಾಳಿ ಮತ್ತೊಂದು ಊರು. ನಾವು ಇಲ್ಲೇ ಬಾಳೇವು ಮಾಡೋ ಮಂದಿ. ನೋಡೂನು ತಗೋರಿ, ಪೈಪ್ ಹಾಕಸೂನು."

ಪೈಪು ಬರಲಿಲ್ಲ, ಹೆಸರು ಬಂತು. ಮಂಟಪಕ್ಕೆ ಲಗ್ನಪತ್ರಿಕೆಯಲ್ಲಿ ವಿಳಾಸ ಬರೆಯಬೇಕಲ್ಲ, "ಬ್ಯಾಳಿಹಳ್ಳದ ದಂಡೆ" ಎಂದು ಅಚ್ಚಾದರೆ ಬೀಗರು ನಗುತ್ತಾರೆ ಎಂದು ಕಮಿಟಿಯವರಿಗೆ ಚಿಂತೆ. ಬೇಳೆ ಅಂದರೆ ಬಡತನದ ವಾಸನೆ. ಒಬ್ಬರು ಕಾಶಿ ನೆನಪಿಸಿದರು, ಇನ್ನೊಬ್ಬರು ಅಮೃತ ಸೇರಿಸಿದರು. ಹಳ್ಳ ಅಮೃತಗಂಗಾ ತೀರ್ಥವಾಯಿತು. ಮಡುವಿನ ಮೇಲೆ ಸಿಮೆಂಟಿನ ಕಮಾನು, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. ಕೊಡದ ಮಡು, ಅರಿವಿಹಳ್ಳ, ಎಮ್ಮಿಹಳ್ಳ ಎಲ್ಲವೂ ಆ ಒಂದು ಹೆಸರಿನ ಹೊಟ್ಟೆಗೆ ಹೋದವು. ನನಗೆ ಹುಳ ಕಂಡ ದಿನಕ್ಕಿಂತ ಆ ಕಮಾನು ಕಂಡ ದಿನ ಹೆಚ್ಚು ಹೇಸಿಗೆಯಾಯಿತು. ಹೊಲಸು ಮಾಡಿದ್ದು ತಿಳಿಗೇಡಿತನ ಅನ್ನಬಹುದು. ಮಾಡಿದ ಮೇಲೆ ಅದಕ್ಕೆ ತೀರ್ಥ ಅನ್ನಲು ಬೇರೆಯೇ ಚರ್ಮ ಬೇಕು.

ಇಷ್ಟರಲ್ಲಿ ಕಲ್ಲವ್ವ ಪಕ್ಕದ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತರಿಸಲು ಶುರು ಮಾಡಿದ್ದಳು. ಆ ನೀರಿನಲ್ಲಿ ಬೇಳೆ ಬೇಯುತ್ತಿತ್ತು, ರುಚಿಯೂ ಕೆಟ್ಟಿರಲಿಲ್ಲ. ಆದರೆ ಉಣ್ಣಲು ಕೂತವರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದಳು: "ಇದು ಹಳ್ಳದ ನೀರಿಂದಲ್ಲರಿ, ಕ್ಯಾನಿಂದು." ಕೆಲವರು ಹಾಗಾದರೆ ಏಕೆ ಇಷ್ಟು ದೂರ ಬರಬೇಕು ಎಂದು ಎದ್ದು ಹೋದರು. ಗಿರಾಕಿ ಕಡಿಮೆಯಾಯಿತು. ನಾನೇ ಒಮ್ಮೆ, ಕೇಳಿದರೆ ಮಾತ್ರ ಹೇಳಬಾರದೇ ಎಂದೆ. "ಬ್ಯಾಳಿಹಳ್ಳದ ಬ್ಯಾಳಿ ಅಂತ ಅವರು ತಿಳಕೊಂಡು ಉಂಡ್ರ ನಾ ಸುಳ್ಳ ಹೇಳಿಧಂಗ ಆಗ್ತೈತ್ರಿ," ಎಂದಳು. ಆಕೆಗೆ ಬೇಳೆಗಿಂತ ಆ ಮಾತು ದೊಡ್ಡದಾಗಿತ್ತು.

ಸಂಕ್ರಮಣ ಕಳೆದ ಮೇಲೆ ಬಾಗಿನದ ದಿನ ಗೊತ್ತಾಯಿತು. ಕೆರೆ, ಹಳ್ಳ ತುಂಬಿದಾಗ ಬಾಗಿನ ಕೊಡುವುದು ಪದ್ಧತಿ. ಇಲ್ಲಿ ಮುಖ್ಯ ಅತಿಥಿಗೆ ಬಿಡುವಾದಾಗ. ಮಡುವಿನಲ್ಲಿ ಆಗ ಇದ್ದದ್ದು ಕಪ್ಪು ಕೆಸರು. ಹಿಂದಿನ ದಿನ ಅದನ್ನು ಮೇಲೆ ಮೇಲೆ ಬಳಿದು, ಎರಡು ಟ್ಯಾಂಕರ್ ನೀರು ತಂದು ಸುರಿದರು. ಸುತ್ತ ಊದುಬತ್ತಿಯ ಕಟ್ಟು ಕಟ್ಟು ಹಚ್ಚಿದರು. ಊದುಬತ್ತಿಯೂ ಆ ನಾತವೂ ಸೇರಿ ಹುಟ್ಟಿದ ವಾಸನೆಗೆ ಯಾವ ಭಾಷೆಯಲ್ಲೂ ಹೆಸರಿಲ್ಲ, ನಮ್ಮ ಆಯಿಗೂ ಸಿಗುತ್ತಿರಲಿಲ್ಲ.

ಊಟದ ಜವಾಬ್ದಾರಿ ಕಲ್ಲವ್ವನಿಗೆ. ಸಾವುಕಾರರೇ ಬಂದು ಹೇಳಿದರು. "ಅತಿಥಿಗೋಳಿಗೆ ಬ್ಯಾಳಿ ಉಣಸಬೇಕು. ತೀರ್ಥದ ನೀರಾಗ ಕುದಿಸಿದ್ದು ಅಂತ ನಾವು ಹೇಳ್ತೇವಿ. ನೀ ಕ್ಯಾನಿನ ನೀರಾಗ ಮಾಡು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅಲ್ಲಿ ನಿಂತು ಎಲ್ಲಾರ ಮುಂದ ಕ್ಯಾನಿಂದು ಕ್ಯಾನಿಂದು ಅನಬ್ಯಾಡ. ಇಷ್ಟು ನಡಸಿಕೊಡು."

ಕಲ್ಲವ್ವ ಒಲೆಯ ಕಡೆ ತಿರುಗಿ ಕಟ್ಟಿಗೆ ಮುಂದಕ್ಕೆ ನೂಕಿದಳು. ಅಣ್ಣ ಎಂದೂ ಏನೂ ಕೇಳಿದವರಲ್ಲ, ಕೊಟ್ಟವರು. ಇಲ್ಲ ಅಂದರೆ ಆಕೆಗೆ ತವರು ಅಂತ ಉಳಿಯುವುದಿಲ್ಲ, ಹೂಂ ಅಂದರೆ ಇಷ್ಟು ದಿನ ಕಾಯ್ದುಕೊಂಡ ಮಾತು ಉಳಿಯುವುದಿಲ್ಲ. ನಾನು ಬಾಗಿಲಲ್ಲಿ ನಿಂತು, ಒಲ್ಲೆ ಅನ್ನಲಿ ಎಂದು ಕಾಯುತ್ತಿದ್ದೆ.

"ನಾ ಏನೂ ಹೇಳೂದಿಲ್ಲಣ್ಣ," ಎಂದಳು.

ನನಗೆ ಆಕೆಯ ಮೇಲೂ ಬೇಸರವಾಯಿತು. ಆ ಸಂಜೆ ಖಾನಾವಳಿಯಲ್ಲಿ ಉಣ್ಣದೆ ಬಾಳೆಹಣ್ಣು ತಿಂದು ಮಲಗಿದೆ.

ಬಾಗಿನದ ದಿನ ಮಂಟಪದ ಹಿಂದೆ ಅಡುಗೆ. ದೊಡ್ಡ ಪಾತೇಲಿಯಲ್ಲಿ ಬೇಳೆ ಬೆಂದು ಹೂವಾಗಿತ್ತು. ರೊಟ್ಟಿ ಬಡಿಯಲು ಓಣಿಯ ಹೆಂಗಸರು ಬಂದಿದ್ದರು. ಒಗ್ಗರಣೆಯ ಸೌಟು, ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ ಎಲ್ಲ ಪಕ್ಕದಲ್ಲಿ ಸಿದ್ಧವಿತ್ತು. ಅತ್ತ ಮೈಕಿನಲ್ಲಿ ಭಾಷಣ ಮುಗಿಯುತ್ತ ಬಂತು, ಪಂಕ್ತಿ ಕೂರುವ ಗದ್ದಲ ಶುರುವಾಯಿತು. ಕಲ್ಲವ್ವ ಒಗ್ಗರಣೆಗೆ ಎದ್ದಿರಲೇ ಇಲ್ಲ.

"ಕಲ್ಲವ್ವ, ಒಗ್ಗರಣಿ ಆಗ್ಬೇಕಲ್ರಿ," ಎಂದೆ.

"ಇಲ್ರಿ ಅಕ್ಕೋರ. ಹಿಂಗ ಒಯ್ಯೂದು."

ರೊಟ್ಟಿ ಬಡಿಯುತ್ತಿದ್ದ ಹೆಂಗಸರ ಕೈ ಒಮ್ಮೆಲೇ ನಿಂತಿತು. ನಮ್ಮ ಸೀಮೆಯಲ್ಲಿ ಒಗ್ಗರಣೆ ಇಲ್ಲದ ಬೇಳೆಯನ್ನು ಒಂದೇ ಕಡೆ ಬಡಿಸುತ್ತಾರೆ. ಹೆಣ ಎತ್ತಿದ ಮನೆಯಲ್ಲಿ ಸೂತಕ ಕಳೆಯುವ ತನಕ ಎಣ್ಣೆ ಚುರ್ ಅನ್ನುವ ಸಪ್ಪಳ ಕೇಳಬಾರದು. ಬರೀ ಬೆಂದ ಬೇಳೆ, ಉಪ್ಪು, ಒಣ ರೊಟ್ಟಿ. ಮಣ್ಣು ಮಾಡಿ ಬಂದವರು ಅದನ್ನು ತಲೆ ತಗ್ಗಿಸಿ ಉಂಡು ಏಳುತ್ತಾರೆ. ಇದು ಕೂಸಿಗೂ ಗೊತ್ತಿರುವ ವಿಷಯ. ಕಲ್ಲವ್ವ ಸತ್ತ ಮನೆಯ ಊಟ ಮಾಡಿಟ್ಟಿದ್ದಳು. ಪಲ್ಯವನ್ನೂ ಹಾಗೆಯೇ ಬೇಯಿಸಿದ್ದಳು, ಅರಿಷಿಣ ಸಹ ಇಲ್ಲ. ಕೊಟ್ಟ ಮಾತಿನಂತೆ ಯಾರಿಗೂ ಏನೂ ಹೇಳಲಿಲ್ಲ. ಬಕೆಟು ಹಿಡಿದು ತಾನೇ ಪಂಕ್ತಿಗೆ ಹೋದಳು.

ನಾನೂ ಹೋಗಿ ಪಂಕ್ತಿಯ ಕೊನೆಗೆ ಕೂತೆ. ಈಗ ಯಾರಾದರೂ ಎದ್ದು ನಿಲ್ಲುತ್ತಾರೆ, ತಾಟು ಎತ್ತಿ ಎಸೆಯುತ್ತಾರೆ, ಬೈಯುತ್ತಾರೆ ಎಂದುಕೊಂಡೆ. ಬೈದರೂ ಚಿಂತೆಯಿಲ್ಲ, ಯಾರು ಸತ್ತರು ಎಂದು ಕೇಳಲಿ, ಆಗ ಹಳ್ಳದ 'ಹ' ಆದರೂ ಬಾಯಿಗೆ ಬರುತ್ತದೆ ಎಂದುಕೊಂಡೆ.

ಬಿಳುಚಿದ ಬೇಳೆ ತಾಟಿಗೆ ಬಿದ್ದ ಕೂಡಲೇ ಎಲ್ಲರಿಗೂ ತಿಳಿಯಿತು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತುತ್ತು ಮುರಿದ ಕೈಗಳು ಅಲ್ಲಲ್ಲೇ ನಿಂತವು. ಸಾವುಕಾರರು ತಮ್ಮ ತಾಟನ್ನು ನೋಡಿದರು, ಆಮೇಲೆ ಕಲ್ಲವ್ವನನ್ನು ನೋಡಿದರು.   ಆಗ ಕಮಿಟಿಯ ಮೈಕಿನವನು ಗಂಟಲು ಸರಿ ಮಾಡಿಕೊಂಡ.

"ಎಣ್ಣಿಲ್ಲ, ಜಿಡ್ಡಿಲ್ಲ. ನೋಡ್ರಿ ಎಂಥಾ ಸಾತ್ವಿಕ ಪ್ರಸಾದ. ತೀರ್ಥದ ನೀರಿಗಿ ಒಗ್ಗರಣಿ ಯಾಕ ಬೇಕ್ರಿ."

"ಖರೇ ಮಾತು," ಎಂದರು ಮುಖ್ಯ ಅತಿಥಿ. ಅವರೂ ಇದೇ ಸೀಮೆಯವರು, ಅವರಿಗೆ ತಿಳಿಯದ್ದೇನಲ್ಲ. ಮೊದಲ ತುತ್ತು ಅವರೇ ಬಾಯಿಗಿಟ್ಟರು. ಆಮೇಲೆ ಪಂಕ್ತಿಗೆ ಪಂಕ್ತಿಯೇ ತಿಂದಿತು. ಉಪ್ಪಿನಕಾಯಿ ಕೇಳಿದರು, ಮೊಸರು ಕಲಸಿಕೊಂಡರು, ಪೇಟೆಯಿಂದ ಬಂದ ಜಿಲೇಬಿಯನ್ನು ಅದರ ಪಕ್ಕದಲ್ಲೇ ಹಾಕಿಸಿಕೊಂಡರು. ಈ ನೀರಿನ ರುಚಿಯೇ ಬೇರೆ ಎಂದು ಒಬ್ಬ ಅಂದ, ನಾಲ್ಕು ಮಂದಿ ಹೌದೆಂದರು. ಸತ್ತವರ ಅನ್ನವನ್ನು ಜಿಲೇಬಿಯ ಜೊತೆ ನೆಕ್ಕುತ್ತಿದ್ದ ಆ ಬಾಯಿಗಳನ್ನು ನೋಡಿ ನನಗೆ ಬಂದ ಹೇಸಿಗೆ ಮಡುವಿನ ಹುಳ ನೋಡಿದಾಗಲೂ ಬಂದಿರಲಿಲ್ಲ. ಹುಳಕ್ಕೆ ಪಾಪ ತಾನು ಎಲ್ಲಿದ್ದೇನೆ ಎಂದು ಗೊತ್ತಿರುವುದಿಲ್ಲ. ನಾನು ಎದ್ದು ಹಿಂದಿನ ಒಲೆಯ ಕಡೆ ಹೋದೆ.

ಸಾವುಕಾರರು ಕೈ ತೊಳೆಯಲು ಹಿಂದೆ ಬಂದಾಗ ಕಲ್ಲವ್ವ ಖಾಲಿ ಪಾತೇಲಿಯ ಪಕ್ಕದಲ್ಲಿ ಕೂತಿದ್ದಳು. ಅವರು ತಟ್ಟನೆ ಸಿಟ್ಟಾಗುವ ಮನುಷ್ಯರು, ಆದರೆ ಅಂದು ದನಿ ಸಣ್ಣದಾಗಿತ್ತು.

"ಒಗ್ಗರಣಿ ಹಾಕಬೇಕಾಗಿತ್ತು ಕಲ್ಲವ್ವ."

"ಹೆಣಾ ಮುಂದ ಇಟಗೊಂಡು ಹ್ಯಾಂಗ ಹಾಕ್ಲಿ ಅಣ್ಣ?"

ಅವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. "ಏನಾತೀಗ? ಎಲ್ಲಾರೂ ಉಂಡ್ರಲ್ಲ," ಎಂದು ಹೇಳಿ ಕಾರಿನ ಕಡೆ ನಡೆದರು.

ಕಲ್ಲವ್ವ ಆ ದಿನದಿಂದ ಖಾನಾವಳಿಯಲ್ಲಿ ಬ್ಯಾಳಿ ಮಾಡುವುದನ್ನೇ ಬಿಟ್ಟಳು. ರೊಟ್ಟಿಗೆ ಕಡಲೆಹಿಟ್ಟಿನ ಝುಣಕ, ಇಲ್ಲವೇ ಪಲ್ಯ. ದೂರದಿಂದ ಬ್ಯಾಳಿಗೆಂದು ಬಂದವರು ಹಿಂದಿರುಗಿ ಹೋಗುತ್ತಿದ್ದರು. ನಾನು ಪಂಚಾಯತಿಗೂ ತಾಲೂಕಿಗೂ ಅರ್ಜಿ ಬರೆದೆ. ಒಬ್ಬರು ಬಂದು ಕಮಾನಿನ ಫೋಟೋ ತೆಗೆದುಕೊಂಡು ಹೋದರು. ಬೇಸಿಗೆಯಲ್ಲಿ ನನಗೆ ಇಂಡಿಯ ಕಡೆಗೆ ವರ್ಗವಾಯಿತು. ಸಾವುಕಾರರು ಮಾಡಿಸಿದರು ಎಂದು ಮಂದಿ ಅಂದರು. ಇರಬಹುದು, ನಾನೂ ಬಹಳ ದಿನದಿಂದ ಕೇಳುತ್ತಿದ್ದೆ.

ಹೊರಡುವ ಮುಂಚಿನ ವಾರ ಕಲ್ಲವ್ವನ ಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು, ಹೆಣ್ಣು ಕೂಸು. ಖಾನಾವಳಿಯ ಬೆಂಚುಗಳನ್ನು ಹೊರಗಿಟ್ಟು ನಡುವೆ ತೊಟ್ಟಿಲು ಕಟ್ಟಿದ್ದರು. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು, ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ಗುದ್ದು ಹಾಕಿ ನಕ್ಕರು. ಅದೇ ಹೊತ್ತಿಗೆ ಶಿವಲಿಂಗಪ್ಪ ಸಾವುಕಾರರು ಬಂದರು. ಬಾಗಿನದ ದಿನದಿಂದ ಅವರು ಆ ಹೊಸ್ತಿಲು ತುಳಿದಿರಲಿಲ್ಲ. ಕೂಸಿಗೆ ಬೆಳ್ಳಿ ಕಾಲ್ಗಡಗ, ಬಾಣಂತಿಗೆ ಸೀರೆ ತಂದಿದ್ದರು. ಕಲ್ಲವ್ವ ಚಾಪೆ ಹಾಸಿದಳು. ಅವರು ಕೂತು, ತೊಟ್ಟಿಲಲ್ಲಿ ಬಗ್ಗಿ ನೋಡಿದರು.

"ಏನ ಹೆಸರಿಟ್ರಿ?"

"ನಮ್ಮವ್ವಂದು. ನೀಲವ್ವ."

"ಚಲೋ ಮಾಡಿದ್ರಿ," ಎಂದರು ಸಾವುಕಾರರು. ನೀಲವ್ವನ ಕೈಯ ರೊಟ್ಟಿ ಉಂಡು ಬೆಳೆದವರು ಅವರು, ಕಣ್ಣು ಸ್ವಲ್ಪ ಒದ್ದೆಯಾಗಿತ್ತು. "ಸತ್ತವರ ಹೆಸರು ಉಳೀಬೇಕು."

"ಉಳೀಬೇಕಣ್ಣ," ಎಂದಳು ಕಲ್ಲವ್ವ, ತೊಟ್ಟಿಲು ತೂಗುತ್ತಲೇ. "ಹಳ್ಳದ ಹೆಸರು ಯಾರಿಗಿ ಇಡ್ಲಿ, ಹೇಳು."